ಆರ್ಟ್ ಮ್ಯಾಗಜೀನ್ ತುಂಬಾ ಜಾಹೀರಾತೇ ಇದ್ರೆ ವಿಮರ್ಶೆ ಎಲ್ಲಿ ಉಳೀತು?

ಪ್ರಶ್ನೆ: ನಾನು ಚಿತ್ರಕಲೆ ಓದ್ತಿರೋ ಸ್ಟೂಡೆಂಟ್. ಲೈಬ್ರರಿಲಿ ಸಮಕಾಲೀನ ಕಲೆಯ ಮ್ಯಾಗಜೀನ್‌ಗಳನ್ನ ತೆಗೆದು ನೋಡ್ತಿರ್ತೀನಿ. ಪುಟ ತಿರುಗಿಸಿದಷ್ಟೂ ಗ್ಯಾಲರಿಗಳ ಜಾಹೀರಾತು, ಆಮೇಲೆ ಬರೋ ರಿವ್ಯೂಗಳಲ್ಲಿ ಯಾರೂ ಯಾರನ್ನೂ ಟೀಕೆ ಮಾಡಲ್ಲ, ಭಾಷೆ ಅಂತೂ ಕಬ್ಬಿಣದ ಕಡಲೆ. ಶೋಗಳ ಫೋಟೋ ಎಲ್ಲಾ ಇನ್‌ಸ್ಟಾಗ್ರಾಮ್‌ನಲ್ಲೇ ಸಿಗೋವಾಗ ಈ ಮ್ಯಾಗಜೀನ್‌ಗಳಿಂದ ವಿಮರ್ಶೆಗೆ ನಿಜವಾಗ್ಲೂ ಏನಾದ್ರೂ ಉಪಯೋಗ ಇದ್ಯಾ? ಇದ್ರೆ ಹೇಗೆ ಓದ್ಬೇಕು?

ಉತ್ತರ:

ನಿಮ್ಮ ಮೂರು ಕಂಪ್ಲೇಂಟೂ ನಿಜ. ಜಾಹೀರಾತು ಜಾಸ್ತಿ, ರಿವ್ಯೂಗಳು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿರ್ತವೆ, ಭಾಷೆ ಕಷ್ಟ. ಇದನ್ನೆಲ್ಲ ಸಮರ್ಥನೆ ಮಾಡೋಕೆ ನಾನು ಹೋಗಲ್ಲ, ವರ್ಷಗಟ್ಟಲೆ ಇಂಥ ಮ್ಯಾಗಜೀನ್‌ಗಳನ್ನ ಓದ್ಕೊಂಡು, ಅವಕ್ಕೆ ಬರ್ಕೊಂಡು ಬಂದಿರೋನು ನಾನು, ಎಷ್ಟೋ ಸಂಚಿಕೆ ಮುಗಿಸಿ ಕೆಳಗಿಟ್ಟಾಗ ನನಗೂ ಬೇಜಾರಾಗಿದೆ. ಆದ್ರೆ ನೀವು ವಿಮರ್ಶೆನ ಹುಡುಕ್ತಿರೋ ಜಾಗ ಸರಿಯಿಲ್ಲ ಅನ್ಸತ್ತೆ. ಒಂದು ರಿವ್ಯೂ ತಗೊಂಡು ಅದರಲ್ಲಿ ತೀರ್ಪು ಹುಡುಕ್ತಿದೀರಿ, ಈ ಶೋ ಚೆನ್ನಾಗಿದೆಯೋ ಇಲ್ವೋ ಅಂತ. ಮ್ಯಾಗಜೀನ್ ಮಾಡೋ ಮುಖ್ಯ ಕೆಲಸ ಇರೋದು ಒಂದು ಬರಹಕ್ಕೂ ಇನ್ನೊಂದು ಬರಹಕ್ಕೂ ಮಧ್ಯದಲ್ಲಿ. ಯಾರು ಯಾರಿಗೆ ಉತ್ತರ ಕೊಡ್ತಿದಾರೆ, ಹೋದ ಸಂಚಿಕೆಲಿ ಹೇಳಿದ್ದನ್ನ ಈ ಸಂಚಿಕೆಲಿ ಯಾರು ತಳ್ಳಿಹಾಕಿದ್ರು, ಆ ಜಗಳಕ್ಕೆ ಎಡಿಟರ್ ಎಷ್ಟು ಪುಟ ಬಿಟ್ಟುಕೊಟ್ರು, ಅಲ್ಲಿ ನೋಡ್ಬೇಕು.

ಸುಮ್ನೆ ಹೇಳಿದ್ರೆ ಗೊತ್ತಾಗಲ್ಲ, ಒಂದು ಸಂಚಿಕೆ ಕಥೆ ಹೇಳ್ತೀನಿ. ಆರ್ಟ್‌ಫೋರಮ್ ಅಂತ ಮ್ಯಾಗಜೀನ್ ಇದೆ, ನಿಮ್ಮ ಲೈಬ್ರರಿಲೂ ಇರಬಹುದು, ಚೌಕಾಕಾರದ್ದು. 1962ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾಯ್ತು, 1965ರಲ್ಲಿ ಲಾಸ್ ಏಂಜಲೀಸ್‌ಗೆ ಹೋಯ್ತು, 1967ರಲ್ಲಿ ನ್ಯೂಯಾರ್ಕ್‌ಗೆ ಬಂತು. ಆಗ ಎಡಿಟರ್ ಆಗಿದ್ದೋರು ಫಿಲಿಪ್ ಲೈಡರ್. 1967ರ ಬೇಸಿಗೆ ಸಂಚಿಕೆನ ಅವರು ಪೂರ್ತಿ ಅಮೆರಿಕನ್ ಶಿಲ್ಪಕಲೆಗೆ ಮೀಸಲಿಟ್ರು. ಆಗಿನ ದೊಡ್ಡ ತಕರಾರು ಏನಂದ್ರೆ, ಕೆಲವು ಕಲಾವಿದರು ಪ್ಲೈವುಡ್, ಕಬ್ಬಿಣದ ಪೆಟ್ಟಿಗೆ ಥರದ ಸರಳ ಆಕಾರಗಳನ್ನ ಪೀಠ ಗೀಠ ಏನೂ ಇಲ್ದೆ ನೇರ ನೆಲದ ಮೇಲೆ ಇಟ್ಟುಬಿಡ್ತಿದ್ರು, ಅದನ್ನ ಶಿಲ್ಪ ಅನ್ಬೇಕಾ ಬರೀ ವಸ್ತು ಅನ್ಬೇಕಾ ಅಂತ. ಈಗ ನಾವು ಮಿನಿಮಲಿಸಂ ಅಂತ ಕರೀತೀವಲ್ಲ, ಅದೇ. ಆ ಸಂಚಿಕೆಲಿ ಮೈಕಲ್ ಫ್ರೀಡ್ ಅನ್ನೋ ಯುವ ವಿಮರ್ಶಕರು ಒಂದು ಉದ್ದದ ಲೇಖನ ಬರೆದ್ರು, ಈ ಪೆಟ್ಟಿಗೆಗಳಿಗೆ ತಮ್ಮೊಳಗೆ ಏನೂ ಇಲ್ಲ, ನೋಡೋನು ರೂಮಿಗೆ ಬಂದು ಅದರ ಸುತ್ತ ಓಡಾಡಿದ್ರೆ ಮಾತ್ರ ಅವು ನಡೀತವೆ, ಅಂದ್ರೆ ಇದು ನಾಟಕ, ಪ್ರೇಕ್ಷಕನಿಗೋಸ್ಕರ ಕಾಯ್ತಾ ನಿಂತಿರೋ ನಾಟಕ, ಕಲೆ ಹೀಗೆ ನಾಟಕ ಆಗ್ತಾ ಹೋದ್ರೆ ಕೆಡತ್ತೆ ಅಂತ. ಅದೇ ಸಂಚಿಕೆಲಿ ರಾಬರ್ಟ್ ಮಾರಿಸ್ ಕೂಡ ಬರೆದಿದಾರೆ, ಅವರು ಸ್ವತಃ ಅಂಥ ಶಿಲ್ಪ ಮಾಡ್ತಿದ್ದೋರು, ಫ್ರೀಡ್ ಟೀಕೆ ಮಾಡಿದೋರಲ್ಲಿ ಒಬ್ಬರು. ಕಲಾವಿದ ಸಾಲ್ ಲೆವಿಟ್ ಬರೆದಿದಾರೆ, ಐಡಿಯಾನೇ ಮುಖ್ಯ, ಕೃತಿನ ಕೈಯಾರೆ ಮಾಡೋದು ಆಮೇಲಿನ ಕೆಲಸ ಅಂತ, ಕಾನ್ಸೆಪ್ಚುವಲ್ ಆರ್ಟ್ ಬಗ್ಗೆ ಮಾತಾಡೋರೆಲ್ಲ ಇವತ್ತಿಗೂ ಆ ಬರಹಕ್ಕೆ ವಾಪಸ್ ಹೋಗ್ತಾರೆ. ಇನ್ನೊಬ್ಬ ಕಲಾವಿದ ರಾಬರ್ಟ್ ಸ್ಮಿತ್‌ಸನ್ ಅವರದ್ದೂ ಒಂದು ಬರಹ ಇದೆ. ಒಂದೇ ಸಂಚಿಕೆ, ಒಂದೇ ಅಟ್ಟೆ ಮಧ್ಯೆ, ಒಬ್ಬರಿಗೊಬ್ಬರು ಒಪ್ಪದ ಇಷ್ಟು ಜನ.

ಅಲ್ಲಿಗೆ ಮುಗೀಲಿಲ್ಲ. ಅದೇ ವರ್ಷ ಅಕ್ಟೋಬರ್ ಸಂಚಿಕೆಯ ಪತ್ರಗಳ ವಿಭಾಗದಲ್ಲಿ ಸ್ಮಿತ್‌ಸನ್ ಅವರು ಫ್ರೀಡ್‌ಗೆ ಖಾರವಾಗಿ ಉತ್ತರ ಕೊಟ್ರು. ನನಗೆ ಈ ಇಡೀ ಪ್ರಸಂಗದಲ್ಲಿ ತುಂಬಾ ಮುಖ್ಯ ಅನ್ಸೋದು ಆಮೇಲೆ ಆಗಿದ್ದು. ಫ್ರೀಡ್ ಯಾವುದನ್ನ ತಪ್ಪು ಅಂತ ತೋರಿಸಿದ್ರೋ, ಅಂದ್ರೆ ನೋಡೋನ ಮೈ, ರೂಮು, ಅಲ್ಲಿ ಕಳೆಯೋ ಸಮಯ, ಮುಂದಿನ ಪೀಳಿಗೆಯವರು ಅದನ್ನೇ ಎತ್ಕೊಂಡು ಹೌದು ನಮಗೆ ಬೇಕಾಗಿರೋದು ಇದೇ ಅಂದ್ರು. ಇಡೀ ಜಾಗನೇ ಕೃತಿಯಾಗೋ ಇನ್‌ಸ್ಟಲೇಷನ್, ಕಲಾವಿದರು ಜನರ ಮುಂದೆ ತಾವೇ ಮಾಡಿ ತೋರಿಸೋ ಪರ್ಫಾರ್ಮೆನ್ಸ್ ಬಗ್ಗೆ ಮಾತಾಡೋಕೆ ಬೇಕಾದ ಪದಗಳು ಎಷ್ಟೋ ಆ ವಿರೋಧಿ ಬರೆದ ಲೇಖನದಿಂದ್ಲೇ ಬಂದ್ವು. ಮಿನಿಮಲಿಸಂನ ಮೆಚ್ಚಿ ಬರೆದ ಎಷ್ಟೋ ಜನರಿಗಿಂತ ಅದನ್ನ ಒಪ್ಪದ ಒಬ್ಬರು ಅದನ್ನ ಕಣ್ಣಿಟ್ಟು ನೋಡಿದ್ರು. ಫ್ರೀಡ್ ಸರಿನೋ ತಪ್ಪೋ ಅಂತ ಇವತ್ತು ಯಾರೂ ಆ ಲೇಖನ ಓದಲ್ಲ, ಆದ್ರೂ ಓದ್ತಾರೆ. ಒಂದು ಒಳ್ಳೆ ಭಿನ್ನಾಭಿಪ್ರಾಯನ ಪೂರ್ತಿ ಉದ್ದಕ್ಕೆ ಬರೆಯೋಕೆ ಬಿಟ್ಟು, ಎದುರಿನವರಿಗೂ ಅಷ್ಟೇ ಜಾಗ ಕೊಟ್ಟು, ಇಬ್ಬರ ಓದುಗರೂ ಒಂದೇ ಆಗಿರೋ ಹಾಗೆ ನೋಡ್ಕೊಂಡ್ರೆ ಇಷ್ಟೆಲ್ಲಾ ಆಗತ್ತೆ.

ಇನ್‌ಸ್ಟಾಗ್ರಾಮ್‌ನಲ್ಲಿ ಇದು ಯಾಕಾಗಲ್ಲ ಅಂದ್ರೆ ಅಲ್ಲಿ ಫೋಟೋ ಇದೆ, ಕಮೆಂಟ್ ಇದೆ, ಆದ್ರೆ ನಿಮ್ಮ ಮಾತು ಕೇಳಿಸ್ಕೊಂಡೋರು ಮತ್ತೆ ನನ್ನ ಉತ್ತರ ಕೇಳಿಸ್ಕೊಳ್ಳೋರು ಒಂದೇ ಗುಂಪು ಅನ್ನೋ ಗ್ಯಾರಂಟಿ ಇಲ್ಲ. ನಿಮ್ಮ ಮಾತು ಒಪ್ಪೋರಿಗೆ ನಿಮ್ಮದು ಹೋಗತ್ತೆ, ನನ್ನದು ಒಪ್ಪೋರಿಗೆ ನನ್ನದು ಹೋಗತ್ತೆ. ಮ್ಯಾಗಜೀನ್ ತಗೊಂಡೋರು ಇಬ್ಬರನ್ನೂ ಓದಲೇಬೇಕು, ಕನಿಷ್ಠ ಪುಟ ತಿರುಗಿಸೋವಾಗ ಕಣ್ಣಿಗೆ ಬೀಳತ್ತೆ. ಇದು ಪೇಪರ್‌ನಲ್ಲೇ ಆಗ್ಬೇಕು ಅಂತ ನಾನು ಹೇಳ್ತಿಲ್ಲ. ಇ-ಫ್ಲಕ್ಸ್ ಜರ್ನಲ್ 2008ರಿಂದ ನೆಟ್‌ನಲ್ಲೇ ಬರ್ತಿದೆ, ಅದಕ್ಕೂ ಸಂಚಿಕೆ ಇದೆ, ಎಡಿಟರ್ ಇದಾರೆ. ಸಂಚಿಕೆ ಮತ್ತೆ ಎಡಿಟರ್, ಈ ಎರಡು ಇದ್ರೆ ಸ್ಕ್ರೀನ್ ಆದ್ರೇನು ಕಾಗದ ಆದ್ರೇನು.

ಇನ್ನು ಫೋಟೋ ವಿಷಯ. ಫೋಟೋ ಇದ್ದ ಮೇಲೆ ರಿವ್ಯೂ ಯಾಕೆ ಅಂತ ತುಂಬಾ ಜನ ಕೇಳ್ತಾರೆ. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ಹದಿನೆಂಟನೇ ಶತಮಾನದ ಪ್ಯಾರಿಸ್‌ನಲ್ಲಿ ಸಾಲೋನ್ ಅಂತ ಸರ್ಕಾರಿ ಕಲಾ ಪ್ರದರ್ಶನ ನಡೀತಿತ್ತು, ಡೆನಿಸ್ ಡಿಡೆರೊ ಅನ್ನೋ ಫ್ರೆಂಚ್ ಲೇಖಕರು 1759ರಿಂದ 1781ರವರೆಗೆ ಅದರ ಬಗ್ಗೆ ಒಂಬತ್ತು ಸಲ ಬರೆದ್ರು. ಬರೆದಿದ್ದು ಪ್ರಿಂಟ್ ಆಗ್ತಿರಲಿಲ್ಲ, ಕೈಬರಹದಲ್ಲಿ ಕಾಪಿ ಮಾಡಿ ಯುರೋಪಿನ ಬೇರೆ ಬೇರೆ ದೇಶದ ಕೆಲವೇ ಕೆಲವು ಚಂದಾದಾರರಿಗೆ ಕಳಿಸ್ತಿದ್ರು, ರಷ್ಯಾದ ರಾಣಿ ಕ್ಯಾಥರೀನ್ ಕೂಡ ಅವರಲ್ಲಿ ಒಬ್ಬಳು. ಪ್ರಿಂಟ್ ಆಗದೇ ಇದ್ದಿದ್ರಿಂದ ಸೆನ್ಸಾರ್ ಭಯ ಇಲ್ದೆ ದೊಡ್ಡ ದೊಡ್ಡ ಕಲಾವಿದರನ್ನೂ ನೇರವಾಗಿ ಟೀಕೆ ಮಾಡಿದ್ರು. ಮತ್ತೆ ಓದೋರು ಪ್ಯಾರಿಸ್‌ನಲ್ಲಿಲ್ಲ, ಚಿತ್ರ ನೋಡಿಲ್ಲ, ನೋಡೋದೂ ಇಲ್ಲ, ಹಾಗಾಗಿ ಚಿತ್ರದಲ್ಲಿ ಏನಿದೆ, ಬೆಳಕು ಎಲ್ಲಿಂದ ಬೀಳ್ತಿದೆ, ಆ ಹುಡುಗಿ ಯಾಕೆ ಅಳ್ತಿದಾಳೆ, ಎಲ್ಲಾನೂ ಮಾತಲ್ಲೇ ಕಟ್ಟಿಕೊಡಬೇಕಿತ್ತು. ಕಲಾವಿಮರ್ಶೆ ಒಂದು ಬರವಣಿಗೆಯಾಗಿ ಗಟ್ಟಿಯಾಗಿದ್ದು ಇಂಥ ಒತ್ತಡದಲ್ಲಿ.

ಈಗ ಫೋಟೋ ಇದೆ, ಆದ್ರೂ ಆ ಕೆಲಸ ಹೋಗಿಲ್ಲ, ಇನ್ನೂ ಕಷ್ಟ ಆಗಿದೆ. ಫೋಟೋದಲ್ಲಿ ಅಳತೆ ಗೊತ್ತಾಗಲ್ಲ. ಮೂರಡಿ ದೂರದಿಂದ ನೋಡಿದ್ರೆ ಒಂದು, ಹತ್ತಿರ ಹೋದ್ರೆ ಇನ್ನೊಂದು ಅನ್ನೋದು ಗೊತ್ತಾಗಲ್ಲ, ನಲವತ್ತು ನಿಮಿಷದ ವಿಡಿಯೋನ ಒಂದು ಫ್ರೇಮ್ ಹೇಳಲ್ಲ, ರೂಮಿನಲ್ಲಿ ಬರ್ತಿದ್ದ ಸದ್ದು ಅಂತೂ ಇಲ್ಲವೇ ಇಲ್ಲ. ನಾನು ಶುರುವಿನಲ್ಲಿ ಬರೆದ ಒಂದು ರಿವ್ಯೂನ ಎಡಿಟರ್ ಮೂರು ಸಲ ವಾಪಸ್ ಕಳಿಸಿದ್ರು. ಮೊದಲ ಪ್ಯಾರಾದಲ್ಲಿ ನಾನು ಸ್ಮೃತಿ, ಅಸ್ಮಿತೆ, ಪಲ್ಲಟ ಅಂತೆಲ್ಲ ಸುರಿದಿದ್ದೆ, ಅವರು ಮಾರ್ಜಿನ್‌ನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ನೀವು ಒಳಗೆ ಹೋದಾಗ ಮೊದಲು ಏನು ಕಾಣ್ತು? ನಾನು ಮತ್ತೆ ಹೋಗಿ ನೋಡ್ಬೇಕಾಯ್ತು, ಯಾಕಂದ್ರೆ ನಿಜವಾಗ್ಲೂ ನನಗೆ ನೆನಪಿರಲಿಲ್ಲ. ನೋಡಿದ ಮೇಲೆ ನನ್ನ ಅಭಿಪ್ರಾಯನೇ ಬದಲಾಯ್ತು, ಮೆಚ್ಚಿ ಬರೆದಿದ್ದ ಎರಡು ಕೃತಿ ಅಷ್ಟೇನೂ ಇಲ್ಲ ಅನ್ನಿಸ್ತು, ಬರೆಯದೇ ಬಿಟ್ಟಿದ್ದ ಒಂದು ಸಣ್ಣ ಡ್ರಾಯಿಂಗ್ ಇಡೀ ಶೋನ ಹಿಡಿದಿಟ್ಟಿದೆ ಅಂತ ಕಾಣ್ತು. ಈ ವಾಪಸ್ ಕಳಿಸೋ ವ್ಯಕ್ತಿ ಇದಾರಲ್ಲ, ಮ್ಯಾಗಜೀನ್ ಅಂದ್ರೆ ನನ್ನ ಮಟ್ಟಿಗೆ ಮುಖ್ಯವಾಗಿ ಅವರೇ. ಸ್ವಂತ ಪೇಜ್‌ನಲ್ಲಿ ಬರ್ಕೊಂಡ್ರೆ ಯಾರೂ ವಾಪಸ್ ಕಳಿಸಲ್ಲ.

ಸರಿ, ಜಾಹೀರಾತಿಗೆ ಬರೋಣ. ಉಪ್ಪು ತಿಂದ ಮನೆಗೆ ಎರಡು ಬಗೀಬಾರ್ದು ಅಂತಾರಲ್ಲ, ಗ್ಯಾಲರಿ ದುಡ್ಡಲ್ಲಿ ನಡೆಯೋ ಮ್ಯಾಗಜೀನ್ ಗ್ಯಾಲರಿಲಿ ನಡೆಯೋ ಶೋನ ಹೇಗೆ ಟೀಕೆ ಮಾಡತ್ತೆ ಅನ್ನೋದು ನಿಮ್ಮ ಅನುಮಾನ. ಈ ಹಂಗಿನ ಪ್ರಶ್ನೆ ಒಮ್ಮೆ ಮ್ಯಾಗಜೀನ್ ಒಳಗೇ ಸ್ಫೋಟ ಆಗಿತ್ತು. 1974ರ ನವೆಂಬರ್, ಮತ್ತೆ ಅದೇ ಆರ್ಟ್‌ಫೋರಮ್. ಲಿಂಡಾ ಬೆಂಗ್ಲಿಸ್ ಅನ್ನೋ ಶಿಲ್ಪಿ ಬಗ್ಗೆ ಒಂದು ಲೇಖನ ಬರೋದಿತ್ತು, ಅದರ ಜೊತೆ ತನ್ನದೇ ಒಂದು ಫೋಟೋನ ಕಲಾಕೃತಿಯಾಗಿ ಹಾಕಿ ಅಂತ ಆಕೆ ಕೇಳಿದ್ರು, ಆಗಿನ ಎಡಿಟರ್ ಜಾನ್ ಕೋಪ್ಲನ್ಸ್ ಒಪ್ಪಲಿಲ್ಲ. ಆಗ ಆಕೆ ತನ್ನ ಗ್ಯಾಲರಿ ಮೂಲಕ ಜಾಹೀರಾತಿನ ಜಾಗ ಕೊಂಡ್ಕೊಂಡು ಅದೇ ಫೋಟೋನ ಹಾಕಿಸಿದ್ರು, ಸನ್‌ಗ್ಲಾಸ್ ಒಂದು ಬಿಟ್ರೆ ಬೆತ್ತಲೆ, ಕೈಯಲ್ಲಿ ಕೃತಕ ಶಿಶ್ನ, ಗಂಡಸರ ಜಂಬಕ್ಕೆ ಕನ್ನಡಿ ಹಿಡಿದ ಹಾಗೆ. ಮುಂದಿನ ತಿಂಗಳು ಮ್ಯಾಗಜೀನಿನ ಐದು ಜನ ಸಂಪಾದಕರು ತಮ್ಮದೇ ಮ್ಯಾಗಜೀನಲ್ಲಿ ತಮ್ಮದೇ ಮ್ಯಾಗಜೀನ್ ವಿರುದ್ಧ ಪತ್ರ ಬರೆದ್ರು, ಲಾರೆನ್ಸ್ ಅಲೋವೇ, ಮ್ಯಾಕ್ಸ್ ಕೋಜ್ಲೊಫ್, ರೊಸಾಲಿಂಡ್ ಕ್ರಾಸ್, ಜೋಸೆಫ್ ಮಾಶೆಕ್, ಆನೆಟ್ ಮೈಕಲ್ಸನ್. ಫೋಟೋ ಅಶ್ಲೀಲ ಅಂದಿದ್ದು ಒಂದು ಕಡೆ, ಮ್ಯಾಗಜೀನ್ ಜಾಹೀರಾತಿನ ಜೊತೆ ಶಾಮೀಲಾಗಿದೆ ಅನ್ನೋದು ಇನ್ನೊಂದು ಕಡೆ. ನಾನು ಈ ವಿಷಯದಲ್ಲಿ ಬೆಂಗ್ಲಿಸ್ ಪರ. ಎಡಿಟೋರಿಯಲ್ ಪುಟ ಪವಿತ್ರ, ಜಾಹೀರಾತಿನ ಪುಟ ಅಂಗಡಿ ಅಂತ ಎಲ್ಲರೂ ಸುಮ್ನೆ ಒಪ್ಕೊಂಡಿದ್ದ ಗೆರೆ ಮೇಲೇ ಆಕೆ ಹೋಗಿ ನಿಂತ್ರು, ದುಡ್ಡು ಕೊಟ್ರೆ ಏನು ಬೇಕಾದ್ರೂ ಬರತ್ತೆ ಅನ್ನೋದನ್ನ ಲೇಖನ ಬರೆದು ಹೇಳೋ ಬದಲು ಮಾಡಿ ತೋರಿಸಿದ್ರು. ಆದ್ರೆ ಆ ಐದು ಜನರ ಪತ್ರ ಅದೇ ಮ್ಯಾಗಜೀನ್‌ನಲ್ಲಿ ಪ್ರಿಂಟ್ ಆಯ್ತಲ್ಲ, ಅದಕ್ಕೂ ನನಗೆ ಅಷ್ಟೇ ಗೌರವ ಇದೆ.

ಕ್ರಾಸ್ ಮತ್ತೆ ಮೈಕಲ್ಸನ್ ಹೊರಗೆ ಬಂದು 1976ರಲ್ಲಿ ಅಕ್ಟೋಬರ್ ಅಂತ ಬೇರೆ ಜರ್ನಲ್ ಶುರು ಮಾಡಿದ್ರು, ಗ್ಯಾಲರಿಗಳ ಬಣ್ಣಬಣ್ಣದ ಪುಟಗಳಿಲ್ಲ, ಚಿತ್ರ ಕಮ್ಮಿ, ಉದ್ದುದ್ದ ಬರಹ, ಫ್ರೆಂಚ್ ಸಿದ್ಧಾಂತಗಳ ಅನುವಾದ. ಜಾಹೀರಾತಿನ ಹಂಗು ಬೇಡ ಅಂದ್ರೆ ಹೀಗೂ ಮಾಡಬಹುದು. ಆದ್ರೆ ಅದಕ್ಕೊಂದು ಬೆಲೆ ಇತ್ತು, ಯೂನಿವರ್ಸಿಟಿ ಓದುಗರನ್ನ ನೆಚ್ಕೊಂಡ ಜರ್ನಲ್ ಯೂನಿವರ್ಸಿಟಿ ಭಾಷೆ ಮಾತಾಡೋಕೆ ಶುರು ಮಾಡತ್ತೆ. ನಿಮ್ಮ ಕಬ್ಬಿಣದ ಕಡಲೆಯ ಒಂದು ಬೇರು ಅಲ್ಲಿದೆ. 2012ರಲ್ಲಿ ಅಲಿಕ್ಸ್ ರೂಲ್ ಮತ್ತೆ ಡೇವಿಡ್ ಲೆವೀನ್ ಅನ್ನೋ ಇಬ್ಬರು, ಇ-ಫ್ಲಕ್ಸ್ ಇಮೇಲ್‌ನಲ್ಲಿ ಕಳಿಸಿದ ಪ್ರದರ್ಶನಗಳ ಪ್ರೆಸ್ ರಿಲೀಸ್‌ಗಳನ್ನೆಲ್ಲ ಒಟ್ಟು ಹಾಕಿ ಕಂಪ್ಯೂಟರ್‌ನಲ್ಲಿ ವಿಶ್ಲೇಷಣೆ ಮಾಡಿ ಬರೆದ ಒಂದು ಲೇಖನ ಟ್ರಿಪಲ್ ಕ್ಯಾನಪಿ ಅನ್ನೋ ಆನ್‌ಲೈನ್ ಮ್ಯಾಗಜೀನ್‌ನಲ್ಲಿ ಬಂತು. ಕಲಾಲೋಕದ ಇಂಗ್ಲಿಷ್ ಅನ್ನೋದು ಬೇರೆಯದೇ ಒಂದು ಭಾಷೆ ಆಗಿದೆ, ಸರಳವಾಗಿ ಜಾಗ ಅನ್ನೋ ಕಡೆ ಜಾಗತನ ಅನ್ನೋ ಥರದ ಪದ ಹುಟ್ಟಿಸತ್ತೆ, ಅಕ್ಟೋಬರ್ ಥರದ ಜರ್ನಲ್‌ಗಳು ಫ್ರೆಂಚಿನಿಂದ ತಂದ ವಾಕ್ಯರಚನೆ ನಕಲಾಗಿ ನಕಲಾಗಿ ಪ್ರೆಸ್ ರಿಲೀಸ್‌ಗೆ ಇಳಿದಿದೆ ಅಂತ ಅವರ ವಾದ. ಪೂರ್ತಿ ಒಪ್ಪದೇ ಇರೋರು ಇದ್ರು, ಆ ಲೇಖನಕ್ಕೂ ಉತ್ತರಗಳು ಬಂದ್ವು. ಆದ್ರೆ ನನ್ನ ಅನುಭವಕ್ಕೆ ಅದು ಸರಿ ಹೊಂದತ್ತೆ. ಕಷ್ಟದ ವಿಚಾರ ಹೇಳೋಕೆ ಹೋಗಿ ಕಷ್ಟ ಆದ ಭಾಷೆ ಒಂದು, ಹೇಳೋಕೆ ಏನೂ ಇಲ್ದೆ ಕಷ್ಟ ಆಗಿರೋ ಭಾಷೆ ಇನ್ನೊಂದು. ಎರಡನ್ನೂ ಬೇರೆ ಮಾಡೋಕೆ ಒಂದು ಸುಲಭದ ದಾರಿ ಇದೆ, ಕಲಾವಿದರ ಹೆಸರು ತೆಗೆದು ಬೇರೆ ಯಾರದ್ದೋ ಹೆಸರು ಹಾಕಿ ಓದಿ, ಆಗ್ಲೂ ಆ ಪ್ಯಾರಾ ಹೊಂದಿಕೊಂಡ್ರೆ ಅದರಲ್ಲಿ ಹುರುಳಿಲ್ಲ, ಮುಂದೆ ಹೋಗಿ.

ಸರಳ ಭಾಷೆಲಿ ಬರೆದೋರು ಬೇಕು ಅಂದ್ರೆ ಡೊನಾಲ್ಡ್ ಜಡ್ ಓದಿ. ಶಿಲ್ಪಿಯಾಗಿ ಎಲ್ಲರಿಗೂ ಗೊತ್ತು, ಆದ್ರೆ 1959ರಿಂದ 1965ರವರೆಗೆ ಅವರು ಹೊಟ್ಟೆಪಾಡಿಗೆ ಮ್ಯಾಗಜೀನ್‌ಗಳಿಗೆ ತಿಂಗಳು ತಿಂಗಳು ರಿವ್ಯೂ ಬರೀತಿದ್ರು, ಹೆಚ್ಚಿನವು ಆರ್ಟ್ಸ್ ಅನ್ನೋ ಮ್ಯಾಗಜೀನ್‌ಗೆ. ಚಿಕ್ಕ ಚಿಕ್ಕ ವಾಕ್ಯ. ಏನಿದೆ, ಯಾವುದರಿಂದ ಮಾಡಿದಾರೆ, ಬಣ್ಣ ಏನು, ಇದು ಸಾಲದು ಯಾಕಂದ್ರೆ ಹೀಗೆ, ಅಷ್ಟೇ. ನೂರಾರು ಶೋ ನೋಡಿ ನೋಡಿ ಬರೆದೂ ಬರೆದೂ ತನಗೆ ಎಂಥ ಕಲೆ ಬೇಕು ಅನ್ನೋದು ಅವರಿಗೇ ಸ್ಪಷ್ಟ ಆಗ್ತಾ ಹೋಯ್ತು ಅಂತ ಆ ರಿವ್ಯೂಗಳನ್ನ ಸಾಲಾಗಿ ಓದಿದ್ರೆ ಕಾಣತ್ತೆ. ನೀವು ಚಿತ್ರ ಬರೆಯೋರು, ಹಾಗಾಗಿ ಇದನ್ನ ಬೇಕಂತ್ಲೇ ಹೇಳ್ತಿದೀನಿ, ವಿಮರ್ಶೆ ಬರೆಯೋದು ಕಲಾವಿದರ ಕೆಲಸ ಅಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಈಗ, ಯಾರೂ ಯಾರನ್ನೂ ಟೀಕೆ ಮಾಡಲ್ಲ ಅನ್ನೋ ಮಾತು. ಇದಕ್ಕೆ ದಾಖಲೆನೇ ಇದೆ. 2002ರಲ್ಲಿ ಕೊಲಂಬಿಯಾ ಯೂನಿವರ್ಸಿಟಿಯ ಕಲಾ ಪತ್ರಿಕೋದ್ಯಮ ವಿಭಾಗದವರು ಅಮೆರಿಕದ ಪತ್ರಿಕೆಗಳಲ್ಲಿ ಬರೆಯೋ ವಿಮರ್ಶಕರನ್ನ ಕೇಳಿದಾಗ, ತಮ್ಮ ಕೆಲಸದಲ್ಲಿ ಯಾವುದು ಮುಖ್ಯ ಅನ್ನೋ ಪಟ್ಟಿಲಿ ತೀರ್ಪು ಕೊಡೋದು ಎಲ್ಲಕ್ಕಿಂತ ಕೆಳಗೆ ಬಂತು. ಕಾರಣ ಹೇಡಿತನ ಒಂದೇ ಅಲ್ಲ. ಈ ಲೋಕ ತುಂಬಾ ಚಿಕ್ಕದು, ಇವತ್ತು ರಿವ್ಯೂ ಬರೆಯೋರು ನಾಳೆ ಕ್ಯಾಟಲಾಗ್ ಬರೀತಾರೆ, ನಾಡಿದ್ದು ಶೋ ಕ್ಯೂರೇಟ್ ಮಾಡ್ತಾರೆ, ರಿವ್ಯೂ ದುಡ್ಡಲ್ಲಿ ಯಾರಿಗೂ ಜೀವನ ನಡೆಯಲ್ಲ, ಕ್ಯಾಟಲಾಗ್ ಬರೆದ್ರೆ ಸ್ವಲ್ಪ ನಡೆಯತ್ತೆ, ಕ್ಯಾಟಲಾಗ್ ಬರೆಸೋದು ಗ್ಯಾಲರಿಗಳೇ. ಇನ್ನೊಂದು, ಜಾಗ ಕಮ್ಮಿ. ಸಾವಿರಾರು ಶೋ ನಡೆಯೋವಾಗ ಸಂಚಿಕೆಲಿ ಮೂವತ್ತೋ ನಲವತ್ತೋ ರಿವ್ಯೂ ಹಿಡಿಸತ್ತೆ ಅಂದ್ರೆ, ಯಾವುದನ್ನ ತಗೋಬೇಕು ಅನ್ನೋ ಆಯ್ಕೆನೇ ಮೊದಲ ತೀರ್ಪು. ಬರೆಯದೇ ಬಿಟ್ಟಿದ್ದೇ ನಿಜವಾದ ಟೀಕೆ ಆಗಿರತ್ತೆ, ಆದ್ರೆ ಅದು ಓದುಗರಿಗೆ ಕಾಣಲ್ಲ, ನನಗೆ ಈ ಪದ್ಧತಿಲಿ ಇಷ್ಟ ಆಗದೇ ಇರೋದು ಅದೇ. ಮೊದಲ ಸಲ ಶೋ ಮಾಡ್ತಿರೋ ಹುಡುಗ ಹುಡುಗೀರನ್ನ ಹರಿದು ಹಾಕಿ ಬರೆಯೋದರಿಂದ ಯಾರಿಗೂ ಏನೂ ಬರಲ್ಲ, ಅಲ್ಲಿ ಸುಮ್ಮನಿರೋದು ಸರಿ. ಕೋಟಿಗಟ್ಟಲೆ ದುಡ್ಡು, ದೊಡ್ಡ ಮ್ಯೂಸಿಯಂ, ದೊಡ್ಡ ಹೆಸರು ಒಟ್ಟಿಗೆ ಸೇರಿದ ಕಡೆ ಸುಮ್ಮನಿರೋದು ತಪ್ಪು.

ಅಂಥ ಕಡೆ ಸುಮ್ಮನಿರದೇ ಇದ್ದ ಒಂದು ಸಂದರ್ಭ ನನಗೆ ಯಾವಾಗ್ಲೂ ನೆನಪಾಗತ್ತೆ. 1984ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಒಂದು ಭಾರಿ ಪ್ರದರ್ಶನ ಮಾಡ್ತು, ಪಿಕಾಸೋ ಮುಂತಾದವರ ಕೃತಿಗಳ ಪಕ್ಕದಲ್ಲಿ ಆಫ್ರಿಕಾದ್ದು, ಪೆಸಿಫಿಕ್ ದ್ವೀಪಗಳದ್ದು, ಅಮೆರಿಕದ ಮೂಲನಿವಾಸಿಗಳದ್ದು ಮುಖವಾಡ, ಮೂರ್ತಿ ಎಲ್ಲಾ ಇಟ್ಟು ಇವೆರಡರ ಮಧ್ಯೆ ಎಂಥ ನಂಟು ನೋಡಿ ಅನ್ನೋ ಥರ. ಮಾಡಿದೋರು ವಿಲಿಯಂ ರೂಬಿನ್ ಮತ್ತೆ ಕರ್ಕ್ ವಾರ್ನೆಡೋ. ಆಗ ಆರ್ಟ್‌ಫೋರಮ್ ಎಡಿಟರ್ ಇನ್‌ಗ್ರಿಡ್ ಸಿಶಿ. ನವೆಂಬರ್ ಸಂಚಿಕೆಲಿ ಥಾಮಸ್ ಮೆಕ್‌ಎವಿಲಿ ಬರೆದ ವಿಮರ್ಶೆ ಬಂತು. ಅವರ ಆಕ್ಷೇಪ ಕೇಳಿ, ಪಿಕಾಸೋ ಚಿತ್ರಕ್ಕೆ ಹೆಸರಿದೆ, ಇಸವಿ ಇದೆ, ಆ ಮುಖವಾಡಕ್ಕೆ ಇಸವಿನೇ ಇಲ್ಲ, ಯಾರು ಯಾಕೆ ಮಾಡಿದ್ರು, ಯಾವ ಆಚರಣೆಗೆ ಅನ್ನೋದನ್ನ ಹೇಳಿಲ್ಲ, ಅವರ ದೇವರನ್ನ ಅವರ ಜನರಿಂದ ಕಿತ್ತು ತಂದು ನಮ್ಮ ಕಲೆಗೆ ಸಾಕ್ಷಿ ಹೇಳಿಸಿದೀರಿ ಅನ್ನೋ ಅರ್ಥದ್ದು. ರೂಬಿನ್ ಮತ್ತೆ ವಾರ್ನೆಡೋ ಸುಮ್ಮನಿರಲಿಲ್ಲ, 1985ರ ಫೆಬ್ರವರಿ ಸಂಚಿಕೆಲಿ ಉದ್ದುದ್ದ ಉತ್ತರ ಬರೆದ್ರು, ವಿಮರ್ಶಕರು ಮಾಡಿದ ತಪ್ಪುಗಳನ್ನ ಎತ್ತಿ ತೋರಿಸಿದ್ರು, ಮೆಕ್‌ಎವಿಲಿ ಅದಕ್ಕೆ ಉತ್ತರ ಕೊಟ್ರು, ಮೇ ತಿಂಗಳಲ್ಲಿ ಇನ್ನೊಂದು ಸುತ್ತು ನಡೀತು.

ನೋಡಿ, ಆ ಮ್ಯೂಸಿಯಂನಂಥ ಸಂಸ್ಥೆ ವಿಮರ್ಶೆಗೆ ಪುಟಗಟ್ಟಲೆ ಉತ್ತರ ಬರೀಬೇಕು ಅನ್ನಿಸೋಷ್ಟು ತೂಕ ಒಂದು ಮ್ಯಾಗಜೀನ್‌ಗೆ ಇತ್ತು. ಎರಡು ಕಡೆಯ ಕೋಪನೂ ಪ್ರಿಂಟಲ್ಲಿದೆ, ಇವತ್ತು ನೀವು ಓದಿ ಯಾರ ಮಾತು ನಿಲ್ಲತ್ತೆ ಅಂತ ನೋಡಬಹುದು. ನನಗೆ ಮುಖ್ಯ ಆಕ್ಷೇಪದಲ್ಲಿ ಮೆಕ್‌ಎವಿಲಿ ಸರಿ ಅನ್ಸತ್ತೆ, ಆದ್ರೆ ಕೆಲವು ವಿವರಗಳಲ್ಲಿ ಅವರನ್ನ ಹಿಡಿದು ನಿಲ್ಲಿಸಿದ್ದು ಸರಿಯೇ, ವಿಮರ್ಶಕರಿಗೂ ತಪ್ಪು ತೋರಿಸೋರು ಬೇಕು. 1989ರಲ್ಲಿ ಪ್ಯಾರಿಸ್‌ನ ಪಾಂಪಿದು ಸೆಂಟರ್ ಕಡೆಯಿಂದ ಜಾಂ-ಉಬೇರ್ ಮಾರ್ತಾಂ ಒಂದು ಪ್ರದರ್ಶನ ಮಾಡಿದ್ರು, ಜಗತ್ತಿನ ಬೇರೆ ಬೇರೆ ಕಡೆಯ ಬದುಕಿರೋ ಕಲಾವಿದರನ್ನ ಅವರವರ ಹೆಸರು ಹಾಕಿ ಕರೆಸಿದ್ದು, ಅದರ ಕ್ಯಾಟಲಾಗ್‌ಗೆ ಮೆಕ್‌ಎವಿಲಿ ಬರೆದ್ರು. ಅದಕ್ಕೂ ಬೇಕಾದಷ್ಟು ಟೀಕೆ ಬಂತು, ಆದ್ರೆ ಐದು ವರ್ಷದ ಹಿಂದಿನ ಪ್ರಶ್ನೆ ಅಷ್ಟರಲ್ಲಿ ಎಲ್ಲಿಂದ ಎಲ್ಲಿಗೆ ಬಂದಿತ್ತು ನೋಡಿ.

ದೊಡ್ಡ ಮ್ಯಾಗಜೀನ್‌ಗಳಲ್ಲಿ ಜಾಗ ಸಿಗದೇ ಇದ್ದೋರು ತಾವೇ ಶುರು ಮಾಡಿದ್ದೂ ಇದೆ. ರಶೀದ್ ಅರಾಯೀನ್ ಲಂಡನ್‌ನಲ್ಲಿ 1987ರಲ್ಲಿ ಥರ್ಡ್ ಟೆಕ್ಸ್ಟ್, ಓಕ್ವಿ ಎನ್ವೇಜರ್ 1994ರಲ್ಲಿ ಆಫ್ರಿಕಾದ ಸಮಕಾಲೀನ ಕಲೆಗೆ ಅಂತ್ಲೇ ಎನ್ಕಾ, ಬರೋಡಾದಲ್ಲಿ ಗುಲಾಂ ಮೊಹಮ್ಮದ್ ಶೇಖ್ ಮತ್ತೆ ಭೂಪೇನ್ ಖಖ್ಖರ್ 1969ರಿಂದ 1973ರವರೆಗೆ ನಡೆಸಿದ ವೃಶ್ಚಿಕ್. ಹೆಸರಿಗೆ ತಕ್ಕಂತೆ ಚೇಳೇ ಅದು, ಲಲಿತ ಕಲಾ ಅಕಾಡೆಮಿ ನಡೀತಿದ್ದ ರೀತಿನ ಕುಟುಕಿತು, ಭಕ್ತಿ ಕವಿತೆಗಳ ಅನುವಾದನೂ ಅದರಲ್ಲೇ ಬರ್ತಿತ್ತು. ನ್ಯೂಯಾರ್ಕ್‌ನ ಅವಲಾಂಚ್ ಅಂತೂ 1970ರಿಂದ 1976ರವರೆಗೆ ಬಂದ ಹದಿಮೂರು ಸಂಚಿಕೆಲಿ ವಿಮರ್ಶಕರನ್ನೇ ಪಕ್ಕಕ್ಕಿಟ್ಟು ಕಲಾವಿದರ ಸಂದರ್ಶನಗಳನ್ನೇ ಮುಖ್ಯ ಮಾಡ್ತು. ಮತ್ತೆ ಹಳೇ ಮ್ಯಾಗಜೀನ್ ಒಳಗೇ ಹೊಸ ಪ್ರಶ್ನೆ ಎದ್ದಿದ್ದೂ ಇದೆ. 1971ರ ಜನವರಿಲಿ ಆರ್ಟ್‌ನ್ಯೂಸ್‌ನಲ್ಲಿ ಲಿಂಡಾ ನೋಕ್ಲಿನ್ ಅವರು, ಮಹಾನ್ ಕಲಾವಿದೆಯರು ಯಾಕೆ ಇರಲಿಲ್ಲ ಅಂತ ಕೇಳಿ, ತಪ್ಪು ಹೆಂಗಸರ ಪ್ರತಿಭೆಯದ್ದಲ್ಲ, ಬೆತ್ತಲೆ ಮಾಡೆಲ್ ಮುಂದೆ ಕೂತು ಕಲಿಯೋಕೂ ಬಿಡದ ಶಾಲೆಗಳದ್ದು, ಸಂಸ್ಥೆಗಳದ್ದು ಅಂತ ಬಿಡಿಸಿಟ್ರು. ಅದೇ ಸಂಚಿಕೆಲಿ ಆ ಪ್ರಶ್ನೆಗೆ ಕಲಾವಿದೆಯರ ಉತ್ತರಗಳೂ ಇವೆ. ಒಬ್ಬರು ಬರೆದಿದ್ದು ಒಬ್ಬರದ್ದಾಗೇ ಉಳೀಲಿಲ್ಲ.

ಇನ್ನೊಂದು ಉಪಯೋಗ ಇದೆ, ಅದು ತಡವಾಗಿ ಗೊತ್ತಾಗೋದು. ರಿವ್ಯೂ ಬರೋ ಹೊತ್ತಿಗೆ ಹೆಚ್ಚಿನ ಸಲ ಶೋ ಮುಗಿದಿರತ್ತೆ, ಮಾಸಿಕಕ್ಕೆ ಎರಡು ಮೂರು ತಿಂಗಳು ಮೊದಲೇ ಕೆಲಸ ಶುರುವಾಗತ್ತಲ್ಲ. ಮುಗಿದು ಹೋದ ಶೋ ಬಗ್ಗೆ ಓದಿ ಏನು ಅಂತ ನನಗೂ ಮೊದಲು ಅನ್ನಿಸ್ತಿತ್ತು. ಆಮೇಲೆ ಹಳೇ ಪರ್ಫಾರ್ಮೆನ್ಸ್ ಒಂದರ ಬಗ್ಗೆ ಬರೀಬೇಕಾಗಿ ಬಂದಾಗ ಅದರದ್ದು ಉಳಿದಿದ್ದು ನಾಲ್ಕು ಫೋಟೋ, ಒಂದು ರಿವ್ಯೂ. ಫೋಟೋದಲ್ಲಿ ಕಲಾವಿದೆ ನಿಂತಿದಾರೆ ಅಷ್ಟೇ. ಜನ ಅರ್ಧಕ್ಕೆ ಎದ್ದು ಹೋದ್ರು, ಒಬ್ಬರು ಅತ್ರು, ಕೊನೆಗೆ ಚಪ್ಪಾಳೆ ತಟ್ಟೋಕೆ ಯಾರಿಗೂ ಧೈರ್ಯ ಬರಲಿಲ್ಲ ಅಂತ ಹೇಳಿದ್ದು ಆ ಮುನ್ನೂರು ಪದದ ರಿವ್ಯೂ. ಬರೆದೋರು ತೀರ್ಪು ಏನೂ ಕೊಟ್ಟಿರಲಿಲ್ಲ, ಬರೀ ಗಮನ ಇಟ್ಟು ನೋಡಿದ್ರು, ಇಷ್ಟು ವರ್ಷ ಆದ್ಮೇಲೆ ನನ್ನ ಕೆಲಸ ನಡೆದಿದ್ದು ಅದರಿಂದ.

ಈಗಿನ ಪರಿಸ್ಥಿತಿ ಬಗ್ಗೆ ನನಗೆ ಚಿಂತೆ ಇರೋದು ಮಾಲೀಕತ್ವದ್ದು. 2022ರ ಡಿಸೆಂಬರ್‌ನಲ್ಲಿ ಪೆನ್ಸ್ಕೆ ಮೀಡಿಯಾ ಅನ್ನೋ ಕಂಪನಿ ಆರ್ಟ್‌ಫೋರಮ್‌ನ ಕೊಂಡ್ಕೊಳ್ತು, ಆರ್ಟ್‌ನ್ಯೂಸ್ ಮತ್ತೆ ಆರ್ಟ್ ಇನ್ ಅಮೆರಿಕಾ ಮೊದಲೇ ಅವರ ಹತ್ರ ಇದ್ವು. ಒಂದು ಕಾಲಕ್ಕೆ ಒಂದರ ಜೊತೆ ಒಂದು ಪೈಪೋಟಿಗೆ ಬಿದ್ದಿದ್ದ ಮೂರೂ ಒಂದೇ ಮನೆ ಸೇರಿದ್ವು. 2023ರ ಅಕ್ಟೋಬರ್‌ನಲ್ಲಿ ಗಾಜಾ ಬಗ್ಗೆ ಕಲಾವಿದರು ಬರೆದ ಬಹಿರಂಗ ಪತ್ರ ಆರ್ಟ್‌ಫೋರಮ್ ಸೈಟ್‌ನಲ್ಲಿ ಬಂತು, ಒಂದು ವಾರದಲ್ಲಿ ಎಡಿಟರ್ ಡೇವಿಡ್ ವೆಲಾಸ್ಕೊ ಅವರನ್ನ ಕೆಲಸದಿಂದ ತೆಗೆದ್ರು. ಪತ್ರ ಹಾಕಿದ ರೀತಿ ಸಂಪಾದಕೀಯ ಪದ್ಧತಿಗೆ ಸರಿಯಿರಲಿಲ್ಲ ಅಂತ ಪ್ರಕಾಶಕರು ಹೇಳಿದ್ರು, ಹಲವು ಸಂಪಾದಕರು ರಾಜೀನಾಮೆ ಕೊಟ್ರು, ಇನ್ಮುಂದೆ ಬರೆಯಲ್ಲ ಅಂತ ಎಷ್ಟೋ ಲೇಖಕರು ಹೇಳಿದ್ರು. ಪತ್ರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, 1974ರಲ್ಲಿ ತಮ್ಮದೇ ಮ್ಯಾಗಜೀನ್ ವಿರುದ್ಧ ಪುಟದ ಮೇಲೆ ಬರೆದ ಜಗಳಕ್ಕೂ 2023ರಲ್ಲಿ ಪುಟದ ಹೊರಗೆ ಮುಗಿದ ಜಗಳಕ್ಕೂ ಇರೋ ವ್ಯತ್ಯಾಸ ನನಗೆ ನೋವು ಕೊಡತ್ತೆ. ದುಡ್ಡಿನ ಬೇರೆ ದಾರಿ ಹುಡುಕಿದೋರೂ ಇದ್ರು, ಜ್ಯೂರಿಕ್‌ನ ಪಾರ್ಕೆಟ್ ಮ್ಯಾಗಜೀನ್ 1984ರಿಂದ 2017ರವರೆಗೆ ಪ್ರತಿ ಸಂಚಿಕೆಗೂ ಕಲಾವಿದರ ಹತ್ರ ಎಡಿಷನ್, ಅಂದ್ರೆ ಕೆಲವೇ ಪ್ರತಿಗಳಿರೋ ಕೃತಿ, ಮಾಡಿಸಿ ಮಾರಿ ನಡೀತು, ಆದ್ರೆ ಕೊನೆಗೆ ಅದೂ ನಿಂತು ಹೋಯ್ತು.

ಹೇಗೆ ಓದ್ಬೇಕು ಅಂತ ಕೇಳಿದ್ರಿ. ಹೊಸ ಸಂಚಿಕೆ ಬಿಡಿ ಸದ್ಯಕ್ಕೆ, ಯಾವುದಾದ್ರೂ ಒಂದು ಮ್ಯಾಗಜೀನಿನ ಒಂದು ಇಡೀ ವರ್ಷದ ಬೈಂಡ್ ಮಾಡಿದ ಸಂಪುಟ ತಗೊಳ್ಳಿ. ಪತ್ರಗಳ ಪುಟದಿಂದ ಶುರು ಮಾಡಿ, ಯಾರಿಗೆ ಕೋಪ ಬಂದಿದೆ ನೋಡಿ, ಆ ಕೋಪ ಬರ್ಸಿದ ಲೇಖನಕ್ಕೆ ಹಿಂದೆ ಹೋಗಿ. ಜಾಹೀರಾತುಗಳನ್ನ ಬಿಡಬೇಡಿ, ಅವನ್ನೂ ಓದಿ, ಯಾವ ಗ್ಯಾಲರಿ ಎಷ್ಟು ಪುಟ ಹಾಕಿದೆ, ಅದೇ ಗ್ಯಾಲರಿಯ ಶೋಗೆ ಎಂಥ ರಿವ್ಯೂ ಬಂದಿದೆ ಅಂತ ಒಂದು ಹಾಳೆಲಿ ಗುರುತು ಹಾಕ್ಕೊಳ್ಳಿ, ನಿಮ್ಮ ಅನುಮಾನ ಎಷ್ಟು ನಿಜ ಅನ್ನೋದು ಆ ಹಾಳೆನೇ ಹೇಳತ್ತೆ. ಆಮೇಲೆ ನೀವೇ ನೋಡಿದ ಒಂದು ಶೋ ಬಗ್ಗೆ ಬಂದ ರಿವ್ಯೂ ಹುಡುಕಿ, ನೀವು ನೋಡಿದ್ದಕ್ಕೂ ಅವರು ಬರೆದಿದ್ದಕ್ಕೂ ಎಲ್ಲಿ ತಾಳೆ ಆಗಲ್ಲ ಅಂತ ಬರೀರಿ, ಮುನ್ನೂರು ಪದ ಸಾಕು, ಬರೆದು ಆ ಮ್ಯಾಗಜೀನಿನ ಎಡಿಟರ್‌ಗೆ ಕಳಿಸಿ. ಹಾಕದೇ ಇದ್ರೆ ಕ್ಲಾಸಿನಲ್ಲಿ ಓದಿ, ನಿಮ್ಮನ್ನ ಒಪ್ಪದ ಒಬ್ಬ ಫ್ರೆಂಡ್ ಹತ್ರ ಅದಕ್ಕೆ ಉತ್ತರ ಬರೆಸಿ, ಎರಡನ್ನೂ ಜೆರಾಕ್ಸ್ ಮಾಡಿ ಒಟ್ಟಿಗೆ ಪಿನ್ ಹೊಡೆದು ಹಂಚಿ.